ನಂಬರ್ ಒಂದು, ನಂಬರ್ ಎರಡು

ಎಲ್ಲದಕ್ಕೂ ಕಾರಣ ಎರಡು ಚೂರು ಕಾಗದ. ೧೯೭೨ರ ಒಂದು ಬೆಳಿಗ್ಗೆ ಅಂಧೇರಿಯ ಔಷಧಿ ಕಂಪನಿಯ ಟೈಪಿಸ್ಟ್ ಅಮೀನಾಳಿಗೆ ಮ್ಯಾನೇಜರ್ ನೀಲಕಂಠಪ್ಪ ಎರಡು ಗುಪ್ತ ವರದಿ ಕೊಟ್ಟರು. ಹೆಸರಿನ ಮೇಲೆ ಚೂರು ಕಾಗದ ಅಂಟಿಸಿ ನಂಬರ್ ಹಾಕಿದ್ದರು.

"ಟೈಪ್ ಮಾಡವಾ. ಹೆಸರು ಆಮ್ಯಾಲೆ ನಾನೇ ಬರೀತೀನಿ. ಗುಪ್ತ ಅದ."

ಗುಪ್ತವೇನು ಮಣ್ಣು! ಖಾಲಿಯಿದ್ದ ಹೆಡ್ ಕ್ಲರ್ಕ್ ಹುದ್ದೆಗೆ ಇದ್ದವರೇ ಇಬ್ಬರು: ಅವಳು ಮತ್ತು ಗುಮಾಸ್ತ ದಾನಪ್ಪ. ನಂಬರ್ ಒಂದು: 'ಮಾತು ಕಡಿಮೆ. ತಲೆ ಎತ್ತದೆ ಕೆಲಸ. ಐದೂವರೆಗೆ ಸರಿಯಾಗಿ ಮನೆಗೆ.' ಅದು ಅವಳೇ. ನಂಬರ್ ಎರಡು: 'ಗಟ್ಟಿ ಬಾಯಿ. ಎದುರುತ್ತರ. ಕತ್ತಲಾದರೂ ಆಫೀಸಿನಲ್ಲೇ.' ಕತ್ತಲಾಗುವ ತನಕ ದಾನಪ್ಪ ಕೇರಂ ಆಡುತ್ತಿದ್ದದ್ದನ್ನು ಮಾತ್ರ ಯಾರೂ ಬರೆದಿರಲಿಲ್ಲ.

ಹೋದ ವರ್ಷ ಹೆಡ್ ಆಫೀಸಿನ ದೊಡ್ಡ ಸಾಹೇಬರು ಅವಳನ್ನು ಬಡ್ತಿಯಿಂದ ಕೈಬಿಟ್ಟದ್ದೇ 'ತುಂಬ ಮೆತ್ತಗೆ' ಎಂದು!

ದಾನಪ್ಪ ಶಿಳ್ಳೆ ಹಾಕುತ್ತ ಬಂದ. "ಅಮೀನಾಬಾಯಿ, ನನ್ನ ಬಗ್ಗೆ ಏನ್ ಬರ್ದಾರ?"

"ಗುಪ್ತ ಅದರೀ."

"ಹಂಗಾರ ಛಲೋನೇ ಇರಬೇಕು!"

ಅವನ ಮೀಸೆ ಆಗಲೇ ಹೆಡ್ ಕ್ಲರ್ಕ್ ಆಗಿಬಿಟ್ಟಿತ್ತು. ಚಹಾ ತಂದ ಪ್ಯೂನ್ ಗೌಸ ಬೇರೆ ಪಿಸುಗುಟ್ಟಿದ: "ಆಪಾ, ದಾನಪ್ಪ ಹೊಸಾ ಬುಶ್‌ಶರ್ಟ್ ಹೊಲಿಸ್ಯಾನ. ಏನೋ ಗಡಬಡ ಅದ."

ಅಷ್ಟು ಸಾಕಾಯಿತು. ಅಮೀನಾ ನಂಬರ್ ಎರಡರದ್ದನ್ನು ಒಂದರ ಕೆಳಗೆ, ಒಂದರದ್ದನ್ನು ಎರಡರ ಕೆಳಗೆ ಟೈಪ್ ಮಾಡಿಬಿಟ್ಟಳು. ಎದೆ ಟೈಪ್‌ರೈಟರಿಗಿಂತ ಜೋರಾಗಿ ಬಡಿಯುತ್ತಿತ್ತು.

ನೀಲಕಂಠಪ್ಪ ತಾಳೆ ನೋಡಲು ಜೇಬಿನಿಂದ ಚಷ್ಮಾ ತೆಗೆದರು.

"ಸಾಹೇಬ, ಲೋಕಲ್ ರೈಲು ತಪ್ತದ!" ಲಕೋಟೆ ಒಯ್ಯಬೇಕಿದ್ದ ಗೌಸ ಬಾಗಿಲಿನಿಂದ ಕೂಗಿದ.

"ಅಮೀನಾನ ಟೈಪಿಂಗ್‌ದಾಗ ಯಾವತ್ತರ ತಪ್ಪ ಸಿಕ್ಕದೇನು?" ಎಂದು ನೀಲಕಂಠಪ್ಪ ಚಷ್ಮಾ ಮಡಚಿ, ಹೆಸರು ಬರೆದು, ಅರಗಿನ ಮುದ್ರೆ ಒತ್ತಿಯೇಬಿಟ್ಟರು.

ಅಂದೇ ಸಂಜೆ ಐದಕ್ಕೆ ಹೆಡ್ ಆಫೀಸಿನಿಂದ ಫೋನ್ ಬಂತು. ನೀಲಕಂಠಪ್ಪ ಎದ್ದು ನಿಂತೇ ಕೇಳಿ, ಇಟ್ಟರು.

"ದಾನಪ್ಪಗ ಆತು. 'ಮಾತು ಕಡಿಮಿ, ತಲಿ ಎತ್ತಲ್ಲ, ಟೈಮಿಗೆ ಮನಿಗೆ ಹೋಗ್ತಾನ. ಇಂಥಾ ಗಂಭೀರ ಮನಷ್ಯಾನೇ ಬೇಕು' ಅಂದ್ರು ದೊಡ್ಡ ಸಾಹೇಬ್ರು."

"ಮತ್ತ... ನಂದು?"

"'ಹೆಣ್ಮಗಳು, ಗಟ್ಟಿ ಬಾಯಿ, ಎದುರುತ್ತರ, ಕತ್ತಲಾದ್ರೂ ಮನಿಗೆ ಹೋಗಲ್ಲ. ಇಕಿ ಮ್ಯಾಲೆ ಒಂದು ಕಣ್ಣಿಡ್ರಿ' ಅಂದ್ರು." ಅವರು ಹುಬ್ಬು ಗಂಟಿಕ್ಕಿದರು. "ನಾ ಹಂಗ ಬರ್ದಿದ್ನೇನವಾ?"

ಅಮೀನಾ ಬಾಯಿ ತೆರೆದಳು. ನಿಜ ಹೇಳಿದರೆ ಇದ್ದ ನೌಕರಿಯೂ ಹೋದೀತು. ಬಾಯಿ ಮುಚ್ಚಿದಳು.

"ಇರಲಿ. ದಾನಪ್ಪನ ಆರ್ಡರ್ ಟೈಪ್ ಮಾಡು. ಎಲ್ಲಾ ಬ್ರಾಂಚಿಗೂ ಒಂದೊಂದು ಕಾಪಿ. ಇವತ್ತೇ ಬೇಕು."

ಐದೂವರೆ ದಾಟಿತು. ಆರೂವರೆಯೂ ದಾಟಿತು. ದಾನಪ್ಪ ಪೇಡೆ ಹಂಚಿ ಮನೆಗೆ ಹೋದ. ದೀಪ ಹಚ್ಚಿಕೊಂಡು ಅಮೀನಾ ಟೈಪ್ ಮಾಡುತ್ತಲೇ ಇದ್ದಳು.

ನೀಲಕಂಠಪ್ಪ ಅವಳನ್ನೊಮ್ಮೆ, ಗಡಿಯಾರವನ್ನೊಮ್ಮೆ ನೋಡಿ, ಡೈರಿ ತೆಗೆದು ಬರೆದುಕೊಂಡರು: 'ಸಾಹೇಬರು ಹೇಳಿದ್ದು ಖರೆ. ಕತ್ತಲಾದರೂ ಆಫೀಸಿನಲ್ಲೇ.'