ನಾದಿನಿ ತುಳಿಯದ ಹೊಸ್ತಿಲು

ಮಕ್ಕಳಾ, ನನ್ನ ನಾದಿನಿಯಂಥ ಮೊಂಡು ಹೆಂಗಸು ದುರ್ಗದ ಕೋಟೆಯ ಏಳು ಸುತ್ತು ಹುಡುಕಿದರೂ ಸಿಗಲಾರಳು! ಐವತ್ತೈದು ದಾಟಿದೆ, ಮಂಡಿನೋವಿದೆ, ಹೊಳಲ್ಕೆರೆಯಲ್ಲಿ ಬ್ಲೌಸ್ ಹೊಲಿಯುವ ಕೆಲಸವಿದೆ. ಭಾನುವಾರ ಬಂತೆಂದರೆ ಪ್ಯಾಂಟು ಏರಿಸಿ ಸಾಫ್ಟ್‌ಬಾಲ್ ಆಡಲು ಹೊರಟಳು!

ಅದೇನು ಆಟ ಅಂತೀರಾ? ಕ್ರಿಕೆಟ್ಟಿನ ದಾಯಾದಿ. ಚೆಂಡು ದಪ್ಪ, ಬ್ಯಾಟು ಒನಕೆಯಂತೆ ಉರುಟು. ಹೊಡೆದವರು ಮೂರು ಮೂಲೆಯ ದಿಂಬು ಮುಟ್ಟಿ ಓಡಿಬಂದು, ಚೆಂಡು ವಾಪಸ್ ಬರುವ ಮುಂಚೆ ಹೊರಟಲ್ಲಿರುವ ಬಿಳಿ ಹಲಗೆ ತುಳಿದರೆ ಒಂದು ರನ್ನು, ಇಲ್ಲದಿದ್ದರೆ ಔಟು.

ಚೆಂಡೆಸೆಯುವವಳೂ ಇವಳೇ. ಮುಸುರೆ ನೀರು ಎರಚುವಂತೆ ಸೊಂಟದ ಕೆಳಗಿಂದ ಎಸೆತ! ಎಸೆಯುವ ಮುಂಚೆ ಎದುರಿನವಳನ್ನು ಅಳತೆ ತೆಗೆಯುವಂತೆ ನೋಡಿ, "ನಿನ್ನ ಎಡ ಭುಜ ಅರ್ಧ ಇಂಚು ಇಳಿದೈತಲ್ಲವ್ವಾ!" ಅನ್ನುತ್ತಾಳೆ. ಪಾಪ, ಆ ಹುಡುಗಿ ಭುಜ ನೋಡಿಕೊಳ್ಳುವಷ್ಟರಲ್ಲಿ ಚೆಂಡು ಹೋಗಿರುತ್ತದೆ!

ಆದರೆ ಆ ಬಿಳಿ ಹಲಗೆಯನ್ನು ಮಾತ್ರ ಅವಳು ತುಳಿಯಳು. ನೆಲಕ್ಕೆ ಕೂರಿಸಿದ ಅದು ಅವಳ ಕಣ್ಣಿಗೆ ಥೇಟ್ ಹೊಸ್ತಿಲು. ಹತ್ತಿರ ಬರುತ್ತಲೇ ಕಾಲು ತಾನಾಗಿ ಮೇಲೆದ್ದು ದಾಟಿಬಿಡುತ್ತದೆ! ತಂದೆತಾಯಿ ಇಲ್ಲದ ಅವಳನ್ನು ಸಾಕಿದವರು ಅವಳ ಅಣ್ಣ, ಅಂದರೆ ತೀರಿಹೋದ ನಿಮ್ಮ ತಾತ. ಹೊಸ್ತಿಲು ತುಳಿದಾಗಲೆಲ್ಲ ಎಡಗಿವಿ ಹಿಂಡುತ್ತಿದ್ದರಂತೆ.

ಹೊಸದುರ್ಗದಲ್ಲಿ ಹೀಗೇ ಹಾರಿ ಔಟಾದಳು, ತಂಡ ಸೋತಿತು. ನಾಯಕಿ ಬ್ಯಾಂಕಿನ ಹುಡುಗಿ, "ಆಂಟಿ, ಇನ್ನೊಂದ್ಸಲ ಹಾರಿದ್ರೆ ನೀವು ಹೊರಗೇ ಕುಂತ್ಕಳ್ರಿ. ಟೀಮಿಗೆ ಬರೋದು ಬ್ಯಾಡ" ಅಂದಳು.

ಎರಡು ದಿನ ನಾದಿನಿ ಹೊಲಿಗೆ ಮಷಿನ್ನೇ ತುಳಿಯಲಿಲ್ಲ. ಮೂರನೆಯ ದಿನ ನಾನು ಅಂಗಳದಲ್ಲಿ ಮಣೆ ಇಟ್ಟೆ. "ತುಳಿಯೇ." ನಲವತ್ತು ಸಲ ಓಡಿಬಂದಳು, ನಲವತ್ತು ಸಲವೂ ಹಾರಿದಳು!

"ಕಾಲು ಮಾತು ಕೇಳಲ್ಲ ಕಣೇ ಅತ್ತಿಗೆ. ಈ ಆಟ ಹೋದ್ರೆ ನಂಗೆ ಇನ್ನೇನೈತೆ?"

ಕೊನೆಯ ಪಂದ್ಯ ದುರ್ಗದಲ್ಲಿ, ಹಿರಿಯೂರಿನವರ ಮೇಲೆ. ರನ್ನು ಸಮ ಸಮ, ಕೊನೆಯ ಸರದಿ, ಬ್ಯಾಟು ಇವಳ ಕೈಯಲ್ಲಿ. ನಾನು ಸೆರಗು ಹೊದ್ದು, ನೀರಿನ ಕ್ಯಾನು ತಬ್ಬಿಕೊಂಡು ಮೂಲೆಯಲ್ಲಿ ಕುಳಿತಿದ್ದೆ.

ಟಪ್! ಚೆಂಡು ಬೇಲಿಯಂಚಿನ ಬೇವಿನ ಮರದ ಬುಡಕ್ಕೆ ಹೋಯಿತು. ಇವಳು ಮಂಡಿ ಹಿಡಿದುಕೊಂಡೇ ಒಂದು ದಿಂಬು ದಾಟಿದಳು, ಎರಡು, ಮೂರು. ಅತ್ತ ಹಿರಿಯೂರಿನ ಹುಡುಗಿ ಚೆಂಡೆತ್ತಿ ಎಸೆದೇಬಿಟ್ಟಳು. ಹಲಗೆಗೆ ಇನ್ನೆರಡು ಹೆಜ್ಜೆ. ಅಯ್ಯೋ, ಕಾಲು ಮೇಲೇಳುತ್ತಿದೆ!

ಬಸ್ಸಿನ ಕಂಡಕ್ಟರಿಗೂ ಊರಿನ ಹೆಸರನ್ನು ಪಿಸುಗುಟ್ಟುವವಳು ನಾನು. ಅಷ್ಟು ಜನರ ನಡುವೆ ಎದ್ದು ನಿಂತು ಕಿರುಚಿದೆ:

"ತುಳಿಯೇ! ನಿಮ್ಮಣ್ಣ ಏನೂ ಅನ್ನಲ್ಲ, ತುಳಿಯೇ!"

ಎತ್ತಿದ ಕಾಲು ಗಾಳಿಯಲ್ಲಿ ಒಂದು ಗಳಿಗೆ ನಿಂತಿತು. ಆಮೇಲೆ ಧೊಪ್ಪನೆ ಹಲಗೆಯ ಮೇಲೆ ಬಿತ್ತು. ಚೆಂಡು ಬಂದದ್ದು ಅದಾದ ಮೇಲೆ. ಗೆದ್ದೆವು!

ಹುಡುಗಿಯರೆಲ್ಲ ಕುಣಿಯುತ್ತಿದ್ದರು. ನಾಯಕಿ ಇವಳನ್ನು ಎತ್ತಲು ಹೋಗಿ ತಾನೇ ಬಿದ್ದಳು! ಇವಳು ಮಾತ್ರ ಬಗ್ಗಿ ಹಲಗೆ ಮುಟ್ಟಿ ಕಣ್ಣಿಗೊತ್ತಿಕೊಂಡು, ನೇರ ನನ್ನ ಬಳಿ ಬಂದಳು.

"ಅಣ್ಣ ಇದ್ದಿದ್ರೆ ಏನ್ ಮಾಡ್ತಿದ್ದ, ಹೇಳು ಅತ್ತಿಗೆ?"

ನಾನು ಕೈಚಾಚಿ ಅವಳ ಎಡಗಿವಿಯನ್ನು ಮೆಲ್ಲಗೆ ಹಿಂಡಿದೆ. ನೋವಾಗುವಷ್ಟೇನೂ ಹಿಂಡಿರಲಿಲ್ಲ ಮಕ್ಕಳಾ, ಆದರೂ ಅತ್ತುಬಿಟ್ಟಳು.