ವಿನೋದಿನಿಯಕ್ಕ ಬಿಡಿಸಿದ ಪ್ರೋಟೀನು

ಮುಂಬೈಯ ದಾದರಿನಲ್ಲಿ ಪಿಎಚ್‌ಡಿ ಪ್ರಬಂಧಕ್ಕೆ ಬೈಂಡ್ ಹಾಕಿಸಿಕೊಂಡು ಸೃಜನ್ ವಡಾಲದ ಮನೆಗೆ ಹಿಂತಿರುಗಿದಾಗ ಮೇಜಿನ ಮೇಲೆ ಪ್ರೋಟೀನು ಇರಲಿಲ್ಲ.

ಪ್ರೋಟೀನು ಎಂದರೆ ಅದರ ಮಾದರಿ. ಬಣ್ಣಬಣ್ಣದ ಗಾಜಿನ ಮಣಿಗಳನ್ನು ದಾರಕ್ಕೆ ಪೋಣಿಸಿ, ಒಂದೊಂದು ಮಣಿಯನ್ನೂ ಒಂದೊಂದು ಅಮೈನೋ ಆಮ್ಲವೆಂದು ಇಟ್ಟುಕೊಂಡು ಅವನು ಮಾಡಿದ್ದು. ನಮ್ಮ ಮೈಯೊಳಗೆ ಪ್ರೋಟೀನು ಮೊದಲು ಹೀಗೇ ಉದ್ದನೆಯ ಸರವಾಗಿ ಹುಟ್ಟುತ್ತದೆ. ಹುಟ್ಟಿದ ಮೇಲೆ ತನ್ನಷ್ಟಕ್ಕೆ ತಾನೇ ಮಡಚಿಕೊಂಡು ಮುದ್ದೆಯಾಗುತ್ತದೆ. ಸರದಲ್ಲಿ ಎಲ್ಲೋ ದೂರ ದೂರ ಕೂತಿದ್ದ ಮಣಿಗಳು ಆಗ ಒಂದಕ್ಕೊಂದು ತಾಗಿ ನಿಲ್ಲುತ್ತವೆ. ಹಾಗೆ ತಾಗಿದ್ದರಿಂದಲೇ ಉಂಡದ್ದು ಅರಗುತ್ತದೆ, ಉಸಿರು ರಕ್ತಕ್ಕೆ ಸೇರುತ್ತದೆ. ಯಾರೂ ಹೇಳಿಕೊಡದೆ ಒಂದು ದಾರಕ್ಕೆ ಮಡಚಿಕೊಳ್ಳುವ ಬಗೆ ತಿಳಿದದ್ದಾದರೂ ಹೇಗೆ ಎಂದು ನೆನೆದಾಗಲೆಲ್ಲ ಸೃಜನನಿಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಯಾವ ಮಣಿ ಯಾವುದಕ್ಕೆ ತಾಗುತ್ತದೆ ಎಂದು ಕಂಪ್ಯೂಟರಿನಲ್ಲಿ ಅಳೆಯುವುದೇ ಅವನ ಕೆಲಸ. ತಾಗುವ ಕಡೆಯೆಲ್ಲ ಮಾದರಿಗೆ ನೂಲಿನ ಗಂಟು ಹಾಕಿದ್ದ. ಅದರಲ್ಲಿ ಎರಡು ಕೆಂಪು ಮಣಿ. ಒಂದು ಸರದ ತಲೆಯ ಹತ್ತಿರ, ಇನ್ನೊಂದು ಬಾಲದ ಹತ್ತಿರ. ಅವೆರಡೂ ತಾಗುತ್ತವೆ ಎಂದು ಕಂಡುಹಿಡಿದವನು ಸೃಜನ್. ಬೇರೆ ಯಾರಿಗೂ ಅದು ಕಂಡಿರಲಿಲ್ಲ. ಇಡೀ ಪ್ರಬಂಧ ನಿಂತಿದ್ದು ಆ ಒಂದು ಗಂಟಿನ ಮೇಲೆ.

ಮಧ್ಯಾಹ್ನ ಪರೀಕ್ಷೆ. ಪರೀಕ್ಷಕರು ಕಲಬುರಗಿ ಕಡೆಯ ಪ್ರೊಫೆಸರ್ ಬಸವಂತರಾಯರು. ಅವರು ಇವತ್ತು ರುಜು ಹಾಕಿದರೆ ಮಲಾಡಿನ ಕಾಲೇಜಿನಲ್ಲಿ ಸೃಜನನಿಗೆ ಮೇಷ್ಟ್ರ ಕೆಲಸ. ಹಾಕದಿದ್ದರೆ ಆ ಕುರ್ಚಿ ಬೇರೆಯವರಿಗೆ. ರಾಯರಿಗೆ ಕಂಪ್ಯೂಟರಿನ ಚಿತ್ರ ಕಂಡರೆ ಆಗುವುದಿಲ್ಲ. ಪರದೆ ಮೇಲೆ ಎಲ್ಲರೂ ಚಂದವೇ, ಕೈಯಲ್ಲಿ ಹಿಡಿದು ತೋರಿಸಿ ಎನ್ನುವ ಜಾತಿ.

ಸೃಜನ್ ಮಂಚದಡಿ ಹುಡುಕಿದ, ಕಪಾಟು ಹುಡುಕಿದ, ಕೊನೆಗೆ ಫ್ರಿಜ್ಜನ್ನೂ ತೆಗೆದು ನೋಡಿದ. ಅಲ್ಲಿ ಒಂದು ತಟ್ಟೆ ಮೋದಕ ಇತ್ತು. ಪಕ್ಕದ ಮನೆಯ ವಿನೋದಿನಿಯಕ್ಕ ಬಂದು ಹೋಗಿದ್ದಾರೆ ಎಂದು ಅದರಿಂದ ತಿಳಿಯಿತು. ಬಿಲ್ಡಿಂಗಿನಲ್ಲಿ ಒಂಟಿ ಹುಡುಗರ ಮನೆಯ ಇನ್ನೊಂದು ಕೀಲಿಕೈ ಪಕ್ಕದ ಮನೆಯಲ್ಲೇ ಇರುವುದು ರೂಢಿ. ಸೃಜನ್ ಓಡಿ ಹೋಗಿ ಅವರ ಬಾಗಿಲು ತಟ್ಟಿದ.

"ಅಕ್ಕ, ನನ್ನ ಮೇಜಿನ ಮೇಲೆ ಮಣಿಗಳದ್ದೊಂದು ಇತ್ತಲ್ಲ?"

"ಇತ್ತು ಮಾರಾಯ! ಎಂಥ ಅವಸ್ಥೆ ಅದು! ಅಷ್ಟು ಚಂದದ ಸರ, ಮುದ್ದೆ ಮಾಡಿ ಇಟ್ಟಿದ್ದಿ. ಎಲ್ಲಿ ನೋಡಿದ್ರೂ ಗಂಟು. ಗಣಪತಿ ಬಪ್ಪಾ ಬಂದ ದಿನ ಹೀಗೆಲ್ಲ ಇರಬಾರ್ದು ಅಂತ ಕೂತು ಒಂದೊಂದೇ ಬಿಡಿಸಿದೆ. ಕಣ್ಣು ಉರೀತದೆ ನೋಡು."

"ಎಲ್ಲಾ ಬಿಡಿಸಿದ್ರಾ?"

"ಒಂದೂ ಬಿಡ್ಲಿಲ್ಲ," ಎಂದರು ವಿನೋದಿನಿಯಕ್ಕ ಹೆಮ್ಮೆಯಿಂದ.

"ಈಗ ಅದು ಎಲ್ಲಿ ಉಂಟು?"

"ಮತ್ತೆಲ್ಲಿ? ಗಣಪತಿಯ ಕೊರಳಲ್ಲಿ!"

ಸೃಜನ್ ಮೆಟ್ಟಿಲು ಹಾರಿ ಹಾರಿ ಕೆಳಗಿಳಿದ. ಕಾಂಪೌಂಡಿನ ಮಂಟಪದಲ್ಲಿ ಗಣಪತಿ ಅವನ ಪ್ರಬಂಧವನ್ನು ಧರಿಸಿ ಪ್ರಸನ್ನನಾಗಿ ಕೂತಿದ್ದ. ಒಂದು ಕೆಂಪು ಮಣಿ ಎಡಭುಜದ ಮೇಲೆ, ಇನ್ನೊಂದು ಬಲಭುಜದ ಮೇಲೆ. ನಡುವೆ ದೇವರ ಇಡೀ ಹೊಟ್ಟೆ.

ಉತ್ಸವ ಸಮಿತಿಯ ಅಧ್ಯಕ್ಷರು ಚೆನ್ನಯಣ್ಣ. ಮಾಟುಂಗದಲ್ಲಿ ಅವರದೇ ಹೋಟೆಲು.

"ಚೆನ್ನಯಣ್ಣ, ಅದು ಸರ ಅಲ್ಲ, ಪ್ರೋಟೀನು. ಮಧ್ಯಾಹ್ನ ನನಗೆ ಪರೀಕ್ಷೆ. ದಯವಿಟ್ಟು ತೆಗೆದು ಕೊಡಿ."

"ಪ್ರೋಟೀನಾ? ಅದು ಬೇಳೆಯಲ್ಲಿ ಇರುದು ಅಂತ ಗೊತ್ತಿತ್ತು, ಮಣಿಯಲ್ಲೂ ಉಂಟಾ?" ಚೆನ್ನಯಣ್ಣ ಗಣಪತಿಯ ಕಡೆ ನೋಡಿ ಕೈಮುಗಿದರು. "ಏನೇ ಆಗ್ಲಿ, ಮಂಗಳಾರತಿ ಆಯ್ತಲ್ಲ. ದೇವರ ಕೊರಳಿಗೆ ಬಿದ್ದದ್ದನ್ನು ವಿಸರ್ಜನೆಗೆ ಮುಂಚೆ ತೆಗೀಲಿಕ್ಕೆ ಉಂಟಾ? ನೀನೊಂದು ಕೆಲ್ಸ ಮಾಡು, ನಿನ್ನ ಪರೀಕ್ಷೆಯವರನ್ನೇ ಇಲ್ಲಿಗೆ ಕರಿ. ಊಟಕ್ಕೂ ಆಯ್ತು."

ಬೇರೆ ದಾರಿ ಕಾಣದೆ ಸೃಜನ್ ರಾಯರಿಗೆ ಫೋನು ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಆ ಕಡೆಯಿಂದ ನಗು ಕೇಳಿಸಿತು.

"ಗಣಪ್ಪನ ಕೊಳ್ಳಾಗ ಹಾಕ್ಯಾರಾ? ಹಾಕ್ಲಿ ಬಿಡ್ರಿ. ನಾನೇ ಬರ್ತೀನಿ. ದರ್ಶನಾನೂ ಆಗ್ತದ. ಆದ್ರ ಮಡಚಿದ್ದು ತೋರಿಸ್ಬೇಕು ನೋಡ್ರಿ, ಸರ ತೋರಿಸಿದ್ರ ನಡಿಯೂದಿಲ್ಲ."

ಮಡಚಿದ್ದು ಎಲ್ಲಿಂದ ತರುವುದು? ಸೃಜನ್ ತಲೆ ಮೇಲೆ ಕೈ ಹೊತ್ತು ಮಂಟಪದ ಮುಂದೆ ಕೂತ. ಎದುರಿಗೆ ಮಹಾಪ್ರಸಾದದ ಕ್ಯೂ ಬೆಳೆಯುತ್ತಿತ್ತು. ಒಬ್ಬರ ಹಿಂದೆ ಒಬ್ಬರು, ಗೇಟಿನ ತನಕ. ನೋಡುತ್ತ ನೋಡುತ್ತ ಅವನು ಎದ್ದು ನಿಂತ. ಅದೂ ಒಂದು ಸರವೇ ಅಲ್ಲವೆ!

ವಿಷಯ ಕೇಳಿದ್ದೇ ತಡ ಚೆನ್ನಯಣ್ಣ ಮೈಕು ಹಿಡಿದರು. "ಕ್ಯೂನಲ್ಲಿ ಇದ್ದವರೆಲ್ಲ ಹಿಂದೆ ಮುಂದೆ ಇರುವವರ ಕೈ ಹಿಡ್ಕೊಳ್ಳಿ! ನಮ್ಮ ಸೃಜನನ ಪರೀಕ್ಷೆ! ಕೈ ಬಿಟ್ಟವರಿಗೆ ಪಾಯಸ ಇಲ್ಲ!"

ಕ್ಯೂನ ಮುಂಭಾಗದಲ್ಲಿದ್ದ ಮೂರನೇ ಮಾಳಿಗೆಯ ಸೇವಂತಿಗೂ ಬಾಲದಲ್ಲಿದ್ದ ಸೊಸೈಟಿ ಸೆಕ್ರೆಟರಿ ಶಶಿಕಾಂತರಿಗೂ ಸೃಜನ್ ಮಂಟಪದ ಕೆಂಪು ಬಟ್ಟೆ ಹೊದಿಸಿದ. ಇವರೇ ಕೆಂಪು ಮಣಿಗಳು. ಎಲ್ಲರನ್ನೂ ಹಿಡಿದೆಳೆದು ಸರಿಯಾದ ಜಾಗಕ್ಕೆ ನಿಲ್ಲಿಸುವುದು ಅವನ ಲೆಕ್ಕ. ಆದರೆ ಊಟದ ಕ್ಯೂನಲ್ಲಿ ನಿಂತವರನ್ನು ಅಲುಗಾಡಿಸುವುದು ಯಾರಿಂದ ಸಾಧ್ಯ? ಒಬ್ಬರೂ ಕದಲಲಿಲ್ಲ. ಅಷ್ಟರಲ್ಲಿ ಟ್ಯಾಕ್ಸಿ ನಿಂತು, ಬಸವಂತರಾಯರು ಇಳಿದು, ಗಣಪತಿಗೆ ಕೈಮುಗಿದು ಕುರ್ಚಿಯಲ್ಲಿ ಕೂತೇಬಿಟ್ಟರು.

"ಹೂಂ, ತೋರಿಸ್ರಿ."

ಸೃಜನ್ ಬಾಯಿ ತೆರೆದ. ಮಾತು ಬರುವ ಮೊದಲು ಮಳೆ ಬಂತು.

ಆಮೇಲೆ ನಡೆದದ್ದನ್ನು ಆ ಬಿಲ್ಡಿಂಗಿನವರು ಇಂದಿಗೂ ಹೇಳಿಕೊಳ್ಳುತ್ತಾರೆ. ರೇಷ್ಮೆ ಸೀರೆಯವರು, ಇಸ್ತ್ರಿ ಅಂಗಿಯವರು, ಒದ್ದೆಯಾಗಲು ಒಪ್ಪದವರೆಲ್ಲ ಚಪ್ಪರದ ನಡುವಿಗೆ ನುಗ್ಗಿದರು. ರೇನ್‌ಕೋಟ್ ತೊಟ್ಟು ಬಂದವರು ಅವಸರವಿಲ್ಲದೆ ಹೊರಗೇ ಉಳಿದರು. ಪಾಯಸದ ಭಯಕ್ಕೆ ಯಾರೂ ಕೈ ಬಿಡಲಿಲ್ಲ. ಸಾಲು ಬಾಗಿತು, ಹೊರಳಿತು, ತನ್ನ ಮೇಲೆ ತಾನೇ ಸುತ್ತಿಕೊಂಡಿತು. ತಲೆಯ ಕಡೆಯ ಕೆಲವರು ಬಾಲದ ಕಡೆಯ ಕೆಲವರ ಬೆನ್ನಿಗೆ ಬೆನ್ನಾದರು. ವರ್ಷಗಟ್ಟಲೆ ಲಿಫ್ಟಿನಲ್ಲಿ ಮುಖ ನೋಡದವರು ಹೆಗಲಿಗೆ ಹೆಗಲು ತಾಗಿಸಿ ನಿಂತರು. ಚಿಟಿಕೆ ಹೊಡೆಯುವಷ್ಟರಲ್ಲಿ ಗೇಟಿನ ತನಕ ಇದ್ದ ಸಾಲು ಒಂದೇ ಒಂದು ಮುದ್ದೆಯಾಗಿ, ನಡುವೆ ಬೆಚ್ಚಗೆ, ಸುತ್ತ ಒದ್ದೆಯಾಗಿ ನಿಂತಿತ್ತು.

ಬಸವಂತರಾಯರು ಎದ್ದು ಚಪ್ಪಲಿ ಕಳಚಿದರು.

"ಮೈಯೊಳಗೂ ಹಿಂಗs ಆಗ್ತದ," ಎಂದರು ಮೆಲ್ಲಗೆ. "ನೀರಿಗೆ ಒಗ್ಗದ್ದು ಒಳಗ, ಒಗ್ಗಿದ್ದು ಹೊರಗ. ಜೀವ ಅನ್ನೂದು ಇಷ್ಟs ನೋಡ್ರಿ. ಜನ್ಮಾ ಪೂರ್ತಿ ಪಾಠ ಮಾಡೀನಿ, ಕಣ್ಣಾರೆ ಕಂಡದ್ದು ಇವತ್ತು."

ಸೃಜನನ ಕಣ್ಣು ಮಂಜಾಯಿತು. ತಾನು ಅಳೆಯುತ್ತಿದ್ದ ಅದ್ಭುತದ ಒಳಗೇ ತಾನು ನಿಂತಂತೆ ಅವನಿಗೆ ಅನಿಸಿತು. ಸೇವಂತಿ ಎಲ್ಲಿ? ಅಗೋ, ಮುದ್ದೆಯ ಅಂಚಿನಲ್ಲಿ. ಅವಳ ಭುಜಕ್ಕೆ ತಾಗಿಕೊಂಡು ಇನ್ನೊಂದು ಕೆಂಪು ಬಟ್ಟೆ!

"ಸರ್, ನೋಡಿ! ಕೆಂಪಿಗೆ ಕೆಂಪು ತಾಗಿದೆ! ನನ್ನ ಪ್ರಬಂಧದ ಪ್ರಾಣ ಅದು!"

ರಾಯರು ಮಳೆಯಲ್ಲೇ ನಡೆದು ಹತ್ತಿರ ಹೋದರು. ಸೇವಂತಿಯ ಪಕ್ಕದಲ್ಲಿ ಕೆಂಪು ದುಪಟ್ಟಾದ ಹುಡುಗಿಯೊಬ್ಬಳು ನಿಂತಿದ್ದಳು. ಅವಳ ಎರಡೂ ಕೈ ಖಾಲಿ ಇದ್ದವು.

"ಯಾವ ಮನಿಯಾಕಿವಾ ನೀ?"

"ನಾನು ಯಕ್ಷಿತಾ, ಅಂಕಲ್. ಪಕ್ಕದ ಬಿಲ್ಡಿಂಗ್. ದರ್ಶನ್ ಕೇ ಲಿಯೇ ಆಯೀ ಥೀ, ಮಳೆ ಬಂತು... ಸೋ, ಇಲ್ಲಿ ನಿಂತೆ."

ಜನ ಹೋ ಎಂದು ನಕ್ಕರು. ಶಶಿಕಾಂತರು ಮುದ್ದೆಯ ಆ ತುದಿಯಿಂದ "ಅರೇ, ಮೀ ಇಥೆ ಆಹೇ! ನಾನು ಇಲ್ಲಿದ್ದೇನೆ!" ಎಂದು ಕೂಗಿದರು. ಸೃಜನನೂ ನಕ್ಕ. ರಾಯರು ಮಾತ್ರ ನಗಲಿಲ್ಲ.

"ಸೃಜನ್, ಒಂದ್ ಮಾತು. ರೂಪ ಅಳೀಲಿಕ್ಕೆ ಪ್ರೋಟೀನು ಹರಳುಗಟ್ಟಿಸ್ತೀವಲ್ಲ, ಆ ಹರಳಿನ್ಯಾಗ ಅದು ಒಂದs ಇರೂದಿಲ್ಲ. ಅಂಥಾವs ಇನ್ನಷ್ಟು ಅಕ್ಕಪಕ್ಕ ಒತ್ತಿ ನಿಂತಿರ್ತಾವ, ನಿಮ್ಮ ಮುಂಬೈ ಬಿಲ್ಡಿಂಗ್ ಇದ್ದಂಗ. ದೂರ ಅಷ್ಟ ಅಳದ್ರ ಬಾಜೂದ್ದೂ ಹತ್ತಿರನs ಕಾಣ್ತದ. ನಿಮ್ಮ ಎರಡನೇ ಕೆಂಪು ಮಣಿ ಇದs ಸರದ್ದೋ, ಬಾಜೂ ಸರದ್ದೋ, ನೋಡೀರೇನು?"

ಸೃಜನನ ನಗು ಅರ್ಧಕ್ಕೆ ನಿಂತಿತು. ಮಂಟಪದ ಮೂಲೆಯಲ್ಲಿ ಲ್ಯಾಪ್‌ಟಾಪ್ ತೆರೆದ. ಮೊದಲ ಮಣಿಯ ಮುಂದೆ, ಅದು ಯಾವ ಸರದ್ದೆಂದು ಹೇಳುವ ಅಕ್ಷರ ಎ. ಎರಡನೆಯದರ ಮುಂದೆ ಬಿ. ಇಷ್ಟು ವರ್ಷ ಅದು ಅಲ್ಲೇ ಇತ್ತು. ಅವನು ಅಳತೆ ನೋಡಿದ್ದನೇ ಹೊರತು ಮನೆ ಯಾವುದೆಂದು ಕೇಳಿರಲಿಲ್ಲ.

ರಾಯರು ಅವನ ಹೆಗಲ ಮೇಲಿಂದ ಬಗ್ಗಿ ನೋಡಿ, ರುಜು ಹಾಕಲೆಂದು ತೆರೆದಿದ್ದ ಪೆನ್ನಿಗೆ ಕ್ಯಾಪು ಹಾಕಿ ಕಿಸೆಗಿಟ್ಟರು. ಆಮೇಲೆ, ಮುದ್ದೆಯವರೆಲ್ಲ ಇನ್ನೂ ಕೈ ಬಿಡದೆ ನೋಡುತ್ತಿರುವಾಗಲೇ, ಎರಡು ಸಲ ಪಾಯಸ ಹಾಕಿಸಿಕೊಂಡು ಉಂಡರು. ಟ್ಯಾಕ್ಸಿ ಹತ್ತುವಾಗ ಸೃಜನನ ಕೈ ಹಿಡಿದು ಹೇಳಿದರು:

"ಮೊದಲಿಂದ ಮಾಡ್ರಿ. ಬರೂ ವರ್ಷ ಮತ್ತ ಬರ್ತೀನಿ. ಆದ್ರ ಮಣಿ ಗಿಣಿ ಬ್ಯಾಡ. ನನಗ ಇದs ಮಾದರಿ ಬೇಕು, ಇದs ಮಂದಿ, ಇಂಥಾದs ಮಳಿ. ಬಾಜೂ ಬಿಲ್ಡಿಂಗಿನವರಿಗಿ ಬ್ಯಾರೆ ಬಣ್ಣ ಹಾಕಿಸ್ರಿ, ಅಷ್ಟs."

ಟ್ಯಾಕ್ಸಿ ಹೋಯಿತು. ವಿನೋದಿನಿಯಕ್ಕ ಓಡಿ ಬಂದರು. "ಎಂಥದಾ, ಪಾಸಾ?"

"ಇಲ್ಲ ಅಕ್ಕ. ಮುಂದಿನ ವರ್ಷ ಇನ್ನೊಮ್ಮೆ ಮಾಡಿ ತೋರಿಸ್ಬೇಕಂತೆ. ಎಲ್ಲರೂ ಸೇರಿ."

ಮೈಕು ಇನ್ನೂ ಚೆನ್ನಯಣ್ಣನ ಕೈಯಲ್ಲೇ ಇತ್ತು. "ಕೇಳಿ, ಕೇಳಿ! ನಮ್ಮ ಪ್ರೋಟೀನು ಮುಂದಿನ ವರ್ಷಕ್ಕೂ ಉಂಟು!" ಎಂದು ಅವರು ಸಾರಿದ್ದೇ ತಡ, ಇಡೀ ಕಾಂಪೌಂಡು ಚಪ್ಪಾಳೆ ತಟ್ಟಿತು. ಚಪ್ಪಾಳೆ ತಟ್ಟಲು ಎಲ್ಲರೂ ಕೈ ಬಿಟ್ಟರು, ಮುದ್ದೆ ಬಿಡಿಸಿಕೊಂಡು ಊಟಕ್ಕೆ ಓಡಿತು. ಸೃಜನ್ ಮಾತ್ರ ಮಳೆಯಲ್ಲಿ ನಿಂತು, ಮಲಾಡಿನ ಕಾಲೇಜಿಗೆ ಏನು ಹೇಳುವುದೆಂದು ಯೋಚಿಸುತ್ತ ಫೋನು ತೆಗೆದ.