ಒಂದು ಪಿಸ್ತೂಲು, ಎರಡು ಬ್ಯಾರೆಲ್, ನಮ್ಮಮ್ಮ

ಮನೆಗೆ ಹೊಸ ಸಾಮಾನು ಬಂದರೆ ಅದರ ಹಿಂದೆಯೇ ನಾಲ್ಕು ಫಜೀತಿ ಬರುತ್ತವೆ, ಅದೂ ನಮ್ಮಂಥ 'ಯಾಕೆ, ಹೇಗೆ' ಎನ್ನುವವರ ಮನೆಗೆ. ಅಮೆರಿಕದಲ್ಲಿನ ನಮ್ಮ ಟೋಟೆಮ್ ಲೇಕ್ ಅಪಾರ್ಟ್‌ಮೆಂಟಿಗೆ ಬಂದದ್ದು ಪಿಸ್ತೂಲು. ಮೈಸೂರಿನ ದಸರಾ ಎಕ್ಸಿಬಿಷನ್ನಿನಲ್ಲಿ ಬಲೂನು ಹೊಡೆದು ಬೆಳೆದವನು ನಾನು. ಅಮೆರಿಕದ ಸಿಟಿಜನ್ ಆದಮೇಲೆ ಆ ಚಪಲ ಮತ್ತೆ ಕೆರಳಿತು.

ಮಿಕ್ಸಿ ನ್ಯಾಯ

ನಾನು ಕೊಂಡದ್ದು ದಪ್ಪ ಗುಂಡಿನ ಪಿಸ್ತೂಲು. ಆ ಗುಂಡೋ ದುಬಾರಿ. "ಬ್ಯಾರೆಲ್ಲು, ಗುಂಡು ತುಂಬೋ ಮ್ಯಾಗಜೀನು ಬದಲಾಯಿಸಿದ್ರೆ ಇದರಲ್ಲೇ ಸಣ್ಣ ಗುಂಡು ಹಾರಿಸಬಹುದು, ಅದು ಅಗ್ಗ" ಎಂದ ಅಂಗಡಿಯವನು. ನನಗೆ ಆಶ್ಚರ್ಯವೋ ಆಶ್ಚರ್ಯ. ಅವನ್ನೂ ಕೊಂಡೆ. ಮನೆಗೆ ಬಂದು ಖಾಲಿ ಪಿಸ್ತೂಲನ್ನು ಬಿಚ್ಚಿದೆ, ಜೋಡಿಸಿದೆ, ಮತ್ತೆ ಬಿಚ್ಚಿದೆ.

"ಏನ್ರೀ, ಇನ್ನೊಂದು ತಂದ್ರಾ?" ಎಂದಳು ಹೆಂಡತಿ.

"ಇಲ್ಲ ಕಣೇ. ನಮ್ಮ ಮಿಕ್ಸಿ ಇಲ್ವಾ? ಮೋಟರ್ ಒಂದೇ, ಜಾರ್ ಬೇರೆ ಬೇರೆ."

ಅವಳು ತಿರುಗಿಸಿ ತಿರುಗಿಸಿ ನೋಡಿದಳು. "ಓ, ಅಷ್ಟೇನಾ? ಆದ್ರೆ ಜಾರ್ ಥರ ಇದನ್ನೂ ತೊಳೀದೆ ಸಿಂಕಲ್ಲಿ ಬಿಟ್ಟು ಹೋಗೋ ಹಾಗಿಲ್ಲ!"

ಹುಬ್ಬಳ್ಳಿಯವನ ಷರತ್ತು

ಅಲ್ಲೇ ಹತ್ತಿರದ ಫ್ರೀಮಾಂಟಿನ ಆಫೀಸಿನಲ್ಲಿ ನನಗೊಬ್ಬ ಹುಬ್ಬಳ್ಳಿ ಗೆಳೆಯ. ಕೆಲಸದಲ್ಲಿ ನನ್ನ ಕೈಕೆಳಗಿನವನು, ಮಾತಿನಲ್ಲಿ ನನ್ನನ್ನು ಮೀರಿಸಿದವನು. ಅವನ ಜೊತೆ ಶೂಟಿಂಗ್ ರೇಂಜಿಗೆ ಹೋದೆ. ಸಣ್ಣ ಬ್ಯಾರೆಲ್ ಹಾಕಿಕೊಂಡು ಜಂಬದಿಂದ ಡಬ್ಬಿ ತೆರೆದರೆ, ತಂದದ್ದೆಲ್ಲ ದಪ್ಪ ಗುಂಡು! ಒಂದೂ ಉಪಯೋಗಕ್ಕಿಲ್ಲ, ಸಣ್ಣವು ಮನೆಯಲ್ಲೇ.

"ಮಂಟಪಕ್ಕ ಬಂದಿ, ಹೆಣ್ಣನ್ನ ಮನ್ಯಾಗ ಬಿಟ್ಟು ಬಂದೀಯಲ್ಲೋ ಮಾರಾಯಾ!" ಎಂದು ಬಿದ್ದು ಬಿದ್ದು ನಕ್ಕ.

ನನಗೆ ಮೈಯೆಲ್ಲ ಉರಿಯಿತು. ಮುಂದಿನ ತಿಂಗಳು ಒಂದು ಭಾನುವಾರ ಪಂದ್ಯ ಎಂದೆ. ಷರತ್ತು ಅವನದು: "ಸೋತಾಂವ ಗೆದ್ದಾಂವಗ ವರ್ಷಪೂರ್ತಿ ಎಲ್ಲಾರ ಮುಂದ ಸಾಹೇಬ್ರ ಅನ್ನಬೇಕು. ಬರದಿದ್ರೂ ಸೋತಂಗನ."

ಮ್ಯಾನೇಜರ್ ನಾನು! ನನ್ನ ಟೀಮಿನವನನ್ನು ಮೀಟಿಂಗಿನಲ್ಲಿ ಸಾಹೇಬ್ರ ಅಂದರೆ ನನ್ನ ಮಾನ ಏನಾಗಬೇಕು? ಅಂದಿನಿಂದ ಬಿಡದೆ ಅಭ್ಯಾಸ ಮಾಡಿದೆ, ಅಗ್ಗದ ಗುಂಡಿನಲ್ಲಿ.

ಅಮ್ಮನ ತೀರ್ಪು

ಅಷ್ಟರಲ್ಲಿ ಮೈಸೂರಿನಿಂದ ಅಮ್ಮ ಬಂದರು. ಪಿಸ್ತೂಲು ಕಂಡು ಹೌಹಾರುತ್ತಾರೆ ಅಂದುಕೊಂಡಿದ್ದೆ. ಹೆಂಡತಿ "ಮಿಕ್ಸಿ ಇದ್ದ ಹಾಗೆ ಅತ್ತೆ" ಎಂದದ್ದೇ ತಡ, ಕನ್ನಡಕ ಹಾಕಿಕೊಂಡು ಬಿಚ್ಚಿಟ್ಟಿದ್ದ ಬ್ಯಾರೆಲ್ಲನ್ನು ಬೆಳಕಿಗೆ ಹಿಡಿದರು.

"ಒಳಗೆ ಸುರುಳಿ ಗೆರೆ ಯಾಕೋ?"

"ಗುಂಡು ತಿರುಗ್ತಾ ನೇರ ಹೋಗಲಿ ಅಂತ."

"ಬುಗುರಿ ಥರ ಅನ್ನು!" ಎಂದು ಖುಷಿಪಟ್ಟರು.

ಪಂದ್ಯದ ಭಾನುವಾರ ಎದ್ದು ನೋಡಿದರೆ ಆಯುಧಪೂಜೆ. ನನಗೆ ನೆನಪೇ ಇರಲಿಲ್ಲ. ದೇವರ ಮುಂದೆ ಚಾಕು, ಲ್ಯಾಪ್‌ಟಾಪು, ಮಿಕ್ಸಿ. ನಡುವೆ ದಪ್ಪ ಬ್ಯಾರೆಲ್ ಹಾಕಿದ ನನ್ನ ಪಿಸ್ತೂಲು, ಅರಿಶಿನ ಕುಂಕುಮ ಇಟ್ಟುಕೊಂಡು, ಸೇವಂತಿಗೆ ಮುಡಿದುಕೊಂಡು! ಲಾಕರ್ ತೆಗೆದುಕೊಟ್ಟವಳು ನನ್ನ ಹೆಂಡತಿಯೇ.

"ಪೂಜೆಗಿಟ್ಟ ಆಯುಧ ನಾಳೆವರೆಗೂ ಮುಟ್ಟೋ ಹಾಗಿಲ್ಲ" ಎಂದರು ಅಮ್ಮ.

ಅಯ್ಯೋ, ಹೋಗದಿದ್ದರೆ ಸೋತ ಹಾಗೆ! ಆದರೂ ಬುದ್ಧಿ ಓಡಿಸಿದೆ. "ಅಮ್ಮಾ, ಕುಂಕುಮ ಇಟ್ಟಿರೋದು ದಪ್ಪ ಬ್ಯಾರೆಲ್ಲಿಗೆ. ಸಣ್ಣದು ಲಾಕರಲ್ಲೇ ಇದೆ. ಅದನ್ನ ಹಾಕ್ಕೊಂಡು ಹೋಗ್ತೀನಿ."

ಅಮ್ಮ ನನ್ನನ್ನು ನೋಡಿದರು, ಆಮೇಲೆ ಮಿಕ್ಸಿಯನ್ನು ನೋಡಿದರು. "ಮಿಕ್ಸಿಗೆ ಕುಂಕುಮ ಇಟ್ಟ ಮೇಲೆ, ಜಾರ್ ಬದಲಾಯಿಸಿದೀನಿ ಅಂತ ಚಟ್ನಿ ರುಬ್ಬೋಕಾಗತ್ತೇನೋ? ಅದಕ್ಕೇ ನಾನು ಬೆಳಿಗ್ಗೆನೇ ಎಲ್ಲ ರುಬ್ಬಿಟ್ಟಿದೀನಿ."

ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಓಡಿದಳು. ಫೋನ್ ಬಡಿದುಕೊಂಡಿತು, ಹುಬ್ಬಳ್ಳಿಯವನದು.

"ಎಲ್ಲಿದ್ದೀಯೋ? ಬರ್ತೀಯೋ ಇಲ್ಲೋ?"

ಸೇವಂತಿಗೆ ಮುಡಿದ ಪಿಸ್ತೂಲನ್ನೊಮ್ಮೆ ನೋಡಿದೆ.

"ಇಲ್ಲ... ಸಾಹೇಬ್ರ."